ಗವರ್ನರ್‌ಪೇಟೆಗೆ ಒಂಬತ್ತು ಸುತ್ತು

ಕೃಷ್ಣಪ್ರಸಾದರು ಓದದೆ ಬಿಟ್ಟ ಬರಹ ಈ ಭೂಮಿಯ ಮೇಲೆ ಇರಲಿಲ್ಲ. ಮಾತ್ರೆ ಡಬ್ಬಿಯೊಳಗಿನ ಚೀಟಿ, ಕುಕ್ಕರಿನ ಜೊತೆ ಬಂದ ಪುಸ್ತಕ, ರೈಲಿನ ಕಿಟಕಿ ಮೇಲಿನ ಎಚ್ಚರಿಕೆ, ಎಲ್ಲವನ್ನೂ ಕನ್ನಡಕ ಏರಿಸಿಕೊಂಡು ಓದುತ್ತಿದ್ದರು. ಓದಿ ಒಪ್ಪುತ್ತಿದ್ದರೇ ಎಂದು ಮಾತ್ರ ಕೇಳಬಾರದು. "ಬರ್ದೋನಿಗೇನ್ ಗೊತ್ತು?" ಎಂಬುದು ಅವರ ಕಾಯಂ ತೀರ್ಪು.

ದಾವಣಗೆರೆ ಕಡೆಯ ಈ ಮನುಷ್ಯ ವಿಶಾಖಪಟ್ಟಣದ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯ ಹೈಡ್ರಾಲಿಕ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ನಿವೃತ್ತರಾಗಿ, ಪೆಂಡುರ್ತಿಯಲ್ಲಿ ಮನೆ ಕಟ್ಟಿಕೊಂಡು ಹೆಂಡತಿ ವೇದವತಿಯ ಜೊತೆ ಸುಖವಾಗಿದ್ದರು. ಗೇಟಿನ ಫಲಕದಲ್ಲಿ ಹೆಸರಿನ ಕೆಳಗೆ 'ಹೈಡ್ರಾಲಿಕ್ಸ್' ಎಂದು ಬರೆಸಿದ್ದರು. ಪೋಸ್ಟಿನವನು ಅದು ಮನೆದೇವರ ಹೆಸರು ಅಂದುಕೊಂಡಿದ್ದ.

ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಕೂತಿದ್ದವರು ಗದಗಿನ ರಮಾಕಾಂತರು. ಅವರದೊಂದು ಕಾನೂನಿತ್ತು. ಯಾರೇ ಬರಲಿ, ಎಣ್ಣೆ ಡಬ್ಬ ಕೈಗೆ ಸಿಗಬೇಕಾದರೆ ಅದರ ಮೇಲಿನ ಲೇಬಲನ್ನು ಗಟ್ಟಿಯಾಗಿ ಓದಿ ಸಹಿ ಮಾಡಬೇಕು. ಜನರಲ್ ಮ್ಯಾನೇಜರ್ ಬಂದರೂ ಓದಬೇಕು. ಕೃಷ್ಣಪ್ರಸಾದರು ಗೊಣಗಿಕೊಂಡು ಓದಿದರೆ ರಮಾಕಾಂತರು ಕಿಟಕಿಯೊಳಗಿನಿಂದ, "ಜೋರಾಗಿ ಓದಲೇ ಕೃಷ್ಣ್ಯಾ, ಡಬ್ಬಿಗೂ ಕೇಳಸ್ಬೇಕು" ಅನ್ನುತ್ತಿದ್ದರು. ಹೀಗೆ ಬೈಸಿಕೊಂಡೇ ಇಬ್ಬರೂ ಜೀವದ ಗೆಳೆಯರಾದರು. ಆದರೂ ಕೃಷ್ಣಪ್ರಸಾದರ ಎದೆಯಲ್ಲಿ ಒಂದು ಮುಳ್ಳು ಇದ್ದೇ ಇತ್ತು: ಹೈಡ್ರಾಲಿಕ್ಸಿನವನು ಸ್ಟೋರಿನವನ ಮುಂದೆ ಪಾಠ ಒಪ್ಪಿಸುವುದೇ?

ರಮಾಕಾಂತರ ಬಳಿ ಒಂದು ಭಾರಿ ಮೋಟಾರ್ ಸೈಕಲ್ ಇತ್ತು. ಮೆರೂನ್ ಬಣ್ಣ. ಅದರ ಕ್ಲಚ್ಚಿಗೆ ಕೇಬಲ್ ಇಲ್ಲ. ಹಿಡಿ ಒತ್ತಿದರೆ ಸಣ್ಣ ಪೈಪಿನೊಳಗಿನ ಎಣ್ಣೆ ಒತ್ತಡ ಹೊತ್ತು ಹೋಗಿ ಕೆಳಗೆ ಇಂಜಿನ್ನಿನ ಬಳಿ ಕ್ಲಚ್ಚನ್ನು ಬಿಡಿಸುತ್ತದೆ. ಹೈಡ್ರಾಲಿಕ್ ಕ್ಲಚ್ಚು. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟು ರಮಾಕಾಂತರು ವಿಜಯವಾಡದ ಮಗಳ ಮನೆಗೆ ಹೊರಟಾಗ ಕೀಲಿಯನ್ನು ಗೆಳೆಯನ ಕೈಗಿಟ್ಟು ಹೇಳಿದ್ದು ಎರಡೇ ಮಾತು. "ವಾರಕ್ಕೊಮ್ಮೆ ಓಡಸು. ಕೈ ಮಾತ್ರ ಹಾಕಬ್ಯಾಡ. ಏನರ ಆದ್ರ ನನಗ ಫೋನ್ ಮಾಡು."

ಅದು ಮೂರು ಮಾತಾಯಿತು. ಕೃಷ್ಣಪ್ರಸಾದರು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿದ್ದರು.

ಕಳೆದ ಗುರುವಾರ ಬೆಳಿಗ್ಗೆ ರಮಾಕಾಂತರ ಫೋನು ಬಂತು.

"ಕೃಷ್ಣ್ಯಾ, ಸೋಮವಾರ ಎರಡೂ ಮೊಣಕಾಲಿಗೆ ಆಪರೇಷನ್. ಡಾಕ್ಟರ್ ಹೇಳ್ಯಾರ, ಇನ್ನ ಮ್ಯಾಲೆ ಗಾಡಿ ಏನಿದ್ರೂ ಕನಸಿನಾಗ ಹೊಡೀರಿ ಅಂತ. ಭಾನುವಾರ ಗಾಡಿ ತಗೊಂಡು ಬಾ. ಒಂದ ಸುತ್ತು. ನಮ್ಮ ಬೀದಿ ಸುತ್ತ ಒಂದ ಒಂದು ಸುತ್ತು ಹೊಡದು, ಕೀಲಿ ನಿನಗ ಕೊಟ್ಟು, ಆಮ್ಯಾಲೆ ಮೊಣಕಾಲು ಡಾಕ್ಟರಗ ಕೊಡ್ತೀನಿ."

"ಬರ್ತೀನಪ್ಪ, ಅದಕ್ಕೇನು."

"ಗಾಡಿ ಹೆಂಗೈತಿ?"

ಕೃಷ್ಣಪ್ರಸಾದರು ಅಂಗಳದ ಕಡೆ ನೋಡಿದರು. ವಾರದಿಂದ ಕ್ಲಚ್ ಹಿಡಿ ಒತ್ತಿದರೆ ನೆನೆದ ಬನ್ನು ಒತ್ತಿದಂತಾಗುತ್ತಿತ್ತು. ಗೇರು ಹಾಕಿದರೆ ಗಾಡಿ ಕೆಮ್ಮುತ್ತಿತ್ತು. ಕೇಳಿದ್ದು ಯಾರು? ಗಾಡಿಯ ಮಾಲೀಕ. ಕೈಯಲ್ಲಿದ್ದದ್ದು ಏನು? ಫೋನು. ಇದಕ್ಕಿಂತ ಅನುಕೂಲವಾದ ಗಳಿಗೆಯನ್ನು ದೇವರು ಇನ್ಯಾರಿಗೂ ಕೊಟ್ಟಿರಲಾರ.

"ಬಂಗಾರ!" ಎಂದರು ಕೃಷ್ಣಪ್ರಸಾದರು.

ಪೆಂಡುರ್ತಿ ಜಂಕ್ಷನ್ನಿನ ಮೆಕ್ಯಾನಿಕ್ ಸಾಯಿತೇಜ ಎರಡು ವರ್ಷ ಬಳ್ಳಾರಿಯಲ್ಲಿದ್ದವನು. ಕೃಷ್ಣಪ್ರಸಾದರನ್ನು ಕಂಡರೆ ಕನ್ನಡದಲ್ಲೇ ಶುರು ಮಾಡುತ್ತಿದ್ದ. ಹಿಡಿಯನ್ನು ಎರಡು ಸಲ ಒತ್ತಿ ನೋಡಿದ.

"ಪೈಪಲ್ಲಿ ಗಾಳಿ ಸೇರಿದೆ ಸಾರ್, ಅಷ್ಟೇ. ಹಳೇ ಎಣ್ಣೆ ಬಿಟ್ಟು ಹೊಸದು ಹಾಕಿ ಗಾಳಿ ತೆಗೆದ್ರೆ ಆಯ್ತು. ಅರ್ಧ ಗಂಟೆ. ಇಲ್ಲಿ ಬಿಟ್ಟು ಹೋಗಿ."

"ಬಿಟ್ಟು ಹೋಗೋದಾ? ಇನ್ನೂರು ಟನ್ ಹೈಡ್ರಾಲಿಕ್ ಪ್ರೆಸ್ ನೋಡ್ಕೊಂಡೋನು ನಾನು. ಇದೇನು, ಮೊಳದುದ್ದ ಪೈಪು!"

"ಅದಕ್ಕೇ ಭಯ ಸಾರ್," ಎಂದ ಸಾಯಿತೇಜ.

ಶುಕ್ರವಾರ ಬೆಳಿಗ್ಗೆ ಕೃಷ್ಣಪ್ರಸಾದರ ಅಂಗಳದಲ್ಲಿ ಕಾರ್ಖಾನೆಯ ಶಟ್‌ಡೌನ್ ನಡೆಯಿತು. ತಲೆಗೆ ಹಳದಿ ಹೆಲ್ಮೆಟ್, ಕೈಗೆ ಗವಸು. 'ದುರಸ್ತಿಯಲ್ಲಿದೆ, ಚಾಲೂ ಮಾಡಬೇಡಿ' ಎಂಬ ರಟ್ಟನ್ನು ಗಾಡಿಯ ಹ್ಯಾಂಡಲಿಗೆ ನೇತುಹಾಕಿದರು. ಬೀದಿಯವರು ಕಾಫಿ ಲೋಟದ ಸಮೇತ ಗೇಟಿನ ಬಳಿ ನಿಂತರು. ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಹಿಡಿ ಒತ್ತಬೇಕು, ಇನ್ನೊಬ್ಬರು ಕೆಳಗೆ ನಟ್ಟು ಸಡಿಲಿಸಬೇಕು. ಸಾಂಬಾರು ಒಲೆಯ ಮೇಲಿಟ್ಟು ಬಂದ ವೇದವತಿಗೆ ಮೇಲಿನ ಹುದ್ದೆ ಸಿಕ್ಕಿತು.

"ಹಿಡಿ!"

"ಹಿಡ್ದೆ."

"ಬಿಡು!"

"ಆಗ್ಲೇ ಬಿಟ್ಟೆ."

"ನಾನ್ ಹೇಳೋಕ್ ಮುಂಚೆ ಯಾಕ್ ಬಿಟ್ಟೆ?"

"ಸಾಂಬಾರು ಉಕ್ತಾ ಇದೆ ರೀ. ಅದು ನಿಮ್ಮನ್ನ ಕೇಳಿ ಉಕ್ಕುತ್ತಾ?"

ಹೊಸ ಎಣ್ಣೆ ಸುರಿಯುವ ಮುಂಚೆ ಕೃಷ್ಣಪ್ರಸಾದರು ಹ್ಯಾಂಡಲಿನ ಮೇಲೆ ಕ್ಲಚ್ ಎಣ್ಣೆ ತುಂಬುವ ಪುಟ್ಟ ಡಬ್ಬಿಯ ಮುಚ್ಚಳವನ್ನು ಕಣ್ಣ ಹತ್ತಿರ ಹಿಡಿದು ಓದಿದರು. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಇತ್ತು: ಡಾಟ್ ನಾಲ್ಕು ಬ್ರೇಕ್ ಎಣ್ಣೆ ಮಾತ್ರ ಹಾಕಬೇಕು, ಬೇರೆ ಯಾವುದನ್ನೂ ಹಾಕಕೂಡದು. ಓದಿ, ಸೇರಿದ ಜನರ ಕಡೆ ತಿರುಗಿ ನಕ್ಕರು.

"ಪ್ರಿಂಟಿಂಗ್ ಮಿಸ್ಟೇಕು."

"ಬರ್ದಿದಾರಲ್ರೀ," ಎಂದರು ವೇದವತಿ.

"ಬರ್ದೋನಿಗೇನ್ ಗೊತ್ತು? ಬ್ರೇಕ್ ಅಂದ್ರೆ ಗಾಡಿ ನಿಲ್ಸೋದು. ಕ್ಲಚ್ ಅಂದ್ರೆ ಗಾಡಿ ಹೊರಡ್ಸೋದು. ನಿಲ್ಸೋ ಎಣ್ಣೆ ಹಾಕಿದ್ರೆ ಹೊರಡುತ್ತಾ ಅದು? ಸ್ವಲ್ಪ ತಲೆ ಬೇಡ್ವಾ?"

ಎದುರು ಮನೆಯ ನಿವೃತ್ತ ಮೇಷ್ಟರು, "ಕರೆಕ್ಟ್ ಪಾಯಿಂಟಂಡೀ," ಎಂದು ತಲೆದೂಗಿದರು. ಒಂದು ತಪ್ಪಿಗೆ ಒಬ್ಬ ಮೇಷ್ಟರ ಒಪ್ಪಿಗೆ ಸಿಕ್ಕ ಮೇಲೆ ಅದನ್ನು ತಡೆಯುವವರು ಯಾರು? ಕೃಷ್ಣಪ್ರಸಾದರು ಗಾಜುವಾಕದಿಂದ ತಂದಿದ್ದ, ಮೂವತ್ತೊಂದು ವರ್ಷ ಪ್ರೆಸ್ಸಿಗೆ ಕುಡಿಸಿದ ಅದೇ ಹೈಡ್ರಾಲಿಕ್ ಎಣ್ಣೆಯನ್ನು ಭಕ್ತಿಯಿಂದ ಸುರಿದರು. ಹತ್ತು ಸಲ ಹಿಡಿ, ಹತ್ತು ಸಲ ಬಿಡು. ಹನ್ನೊಂದನೆಯ ಸಲಕ್ಕೆ ಹಿಡಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಬೀದಿ ಚಪ್ಪಾಳೆ ತಟ್ಟಿತು. ಸಾಂಬಾರು ಸೀದಿತ್ತು.

ಹೊರಬಂದ ಹಳೇ ಎಣ್ಣೆ ಮಾತ್ರ ಪೆಟ್ರೋಲ್ ಟ್ಯಾಂಕಿನ ಮೇಲೆ ನಾಲ್ಕು ಹನಿ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಮೆರೂನ್ ಬಣ್ಣವನ್ನು ಹಪ್ಪಳದಂತೆ ಎಬ್ಬಿಸಿತು. ಕೃಷ್ಣಪ್ರಸಾದರು ಪೇಟೆಗೆ ಹೋಗಿ ಸಿಂಹಾಚಲದ ಅಪ್ಪನ್ನ ಸ್ವಾಮಿಯ ದೊಡ್ಡ ಸ್ಟಿಕ್ಕರ್ ತಂದು ಅದರ ಮೇಲೆ ಅಂಟಿಸಿದರು. ಮನುಷ್ಯರು ಮಾಡಿದ್ದನ್ನು ಮುಚ್ಚುವುದಕ್ಕೆ ದೇವರು ಇದ್ದೇ ಇದ್ದಾನಲ್ಲ.

ಶನಿವಾರ ದಾರಿಯಲ್ಲಿ ಹೋಗುತ್ತಿದ್ದ ಸಾಯಿತೇಜನ ಕಣ್ಣಿಗೆ ಕಾಂಪೌಂಡಿನ ಪಕ್ಕದ ಎಣ್ಣೆ ಡಬ್ಬ ಬಿತ್ತು. ಗೇಟು ತಳ್ಳಿಕೊಂಡು ಓಡಿಬಂದ.

"ಸಾರ್! ಇದಾ ಹಾಕಿದ್ದು? ಒಳಗಿನ ರಬ್ಬರ್ ಪೂರಿ ತರ ಉಬ್ಬುತ್ತೆ ಸಾರ್! ಈಗ್ಲೇ ತೆಗೀರಿ, ತೊಳೀರಿ, ಇನ್ನೂ ಟೈಮಿದೆ."

ಒಂದು ಕ್ಷಣ ಕೃಷ್ಣಪ್ರಸಾದರ ಕೈ ಪಾನಾದ ಕಡೆ ಚಾಚಿತು. ಆದರೆ ಎದುರು ಮನೆಯ ಮೇಷ್ಟರು ಬಾಲ್ಕನಿಯಲ್ಲಿ ನಿಂತಿದ್ದರು.

"ಹಿಡಿ ಒತ್ತಿ ನೋಡಪ್ಪ. ಕಲ್ಲು!" ಎಂದರು.

ವೇದವತಿಗೆ ರೈಲ್ವೆ ಇಲಾಖೆಯ ಮೇಲೆ ಗಂಡನ ಮೇಲಿನದಕ್ಕಿಂತ ಹೆಚ್ಚು ನಂಬಿಕೆ. ಶನಿವಾರದ ರೈಲಿಗೇ ವಿಜಯವಾಡಕ್ಕೆ ಮುಂದಾಗಿ ಹೊರಟರು. ಗಂಡ ನಿಲ್ದಾಣದಲ್ಲಿ ಕಿಟಕಿಗೆ ಬಾಗಿ, "ಎಣ್ಣೆ ವಿಷಯ ಬಾಯ್ ಬಿಡ್ಬೇಡ. ನಾನೇ ಹೇಳ್ತೀನಿ," ಎಂದರು.

"ನೀವು? ಹೇಳ್ತೀರಾ?" ಎಂದರು ವೇದವತಿ. ರೈಲು ಹೊರಟಿತು.

ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟ ಗಾಡಿ ಅನಕಾಪಲ್ಲಿ ದಾಟುವವರೆಗೆ ಬಂಗಾರವೇ ಆಗಿತ್ತು. ತುನಿಯಲ್ಲಿ ಚಹಾ ಕುಡಿದು ಹತ್ತಿದಾಗ ಹಿಡಿ ಸ್ವಲ್ಪ ಮೆತ್ತಗಾಗಿತ್ತು. ರಾಜಮಂಡ್ರಿಯಲ್ಲಿ ಇಡ್ಲಿ ತಿಂದು ಹತ್ತಿದಾಗ ಅದು ಅರ್ಧಕ್ಕೆ ಸಿಕ್ಕಿಕೊಂಡು, ಕೈಯಿಂದ ಎಳೆದರೆ ಮಾತ್ರ ವಾಪಸ್ ಬರುತ್ತಿತ್ತು. ಏಲೂರು ಬರುವಷ್ಟರಲ್ಲಿ ಒತ್ತಿದ ಹಿಡಿ ಹ್ಯಾಂಡಲಿಗೆ ಅಂಟಿ, ಸತ್ತ ಹಲ್ಲಿಯ ಬಾಲದಂತೆ ಬಿದ್ದುಕೊಂಡಿತು. ಒಳಗೆ ಪೂರಿ ಉಬ್ಬಿತ್ತು; ಹಿಡಿಗೂ ಕ್ಲಚ್ಚಿಗೂ ಸಂಬಂಧವೇ ಉಳಿದಿರಲಿಲ್ಲ.

ಕ್ಲಚ್ ಇಲ್ಲದ ಗಾಡಿ ಓಡುತ್ತಲೇ ಇದ್ದರೆ ತೊಂದರೆಯಿಲ್ಲ. ನಿಂತರೆ ಮಾತ್ರ ಮತ್ತೆ ಹೊರಡಿಸಲು ತಳ್ಳಿಕೊಂಡು ಓಡಿ, ಗೇರು ಒದ್ದು, ಹಾರಿ ಕೂರಬೇಕು. ಅರವತ್ತೊಂದರ ಕೃಷ್ಣಪ್ರಸಾದರು ಹಾರಿ ಎಲ್ಲಿಯಾದರೂ ಕೂತು ಬಹಳ ಕಾಲವಾಗಿತ್ತು. ಆದ್ದರಿಂದ ಎರಡನೇ ಗೇರಿನಲ್ಲಿ, ಯಾವ ಸಿಗ್ನಲ್ಲಿಗೂ ಮರ್ಯಾದೆ ಕೊಡದೆ, ಭಾನುವಾರದ ಖಾಲಿ ರಸ್ತೆಗಳ ಪುಣ್ಯದಿಂದ, ಮಧ್ಯಾಹ್ನ ಒಂದಕ್ಕೆ ವಿಜಯವಾಡದ ಗವರ್ನರ್‌ಪೇಟೆ ಹೊಕ್ಕರು.

ರಮಾಕಾಂತರ ಮಗಳು ಇಂಚರಾಳದು ಮದುವೆ ಕಾರ್ಡುಗಳ ಹೋಲ್‌ಸೇಲ್ ಅಂಗಡಿ, ಮೇಲೆ ಮನೆ. ಮುಚ್ಚಿದ ಶಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಮಾಕಾಂತರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಬೂಟು, ತಲೆಗೆ ಹೆಲ್ಮೆಟ್. ಬೆಳಿಗ್ಗೆ ಎಂಟರಿಂದ ಆ ಹೆಲ್ಮೆಟ್ ತೆಗೆದಿರಲಿಲ್ಲವಂತೆ. ಇಡ್ಲಿಯನ್ನೂ ಅದರ ಸಂದಿಯಿಂದಲೇ ತಿಂದಿದ್ದರಂತೆ.

ದೂರದಿಂದ ಸದ್ದು ಕೇಳಿದ್ದೇ ರಮಾಕಾಂತರು ಕೈ ಎತ್ತಿದರು. ಕೃಷ್ಣಪ್ರಸಾದರು ಬಂದರು, "ಬಂದೇ!" ಎಂದರು, ಹೋದರು. ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಇಲ್ಲೊಂದು ವಿಷಯ ಹೇಳಲೇಬೇಕು. ಆ ಗಾಡಿಯಲ್ಲಿ ಇಂಜಿನ್ ಆರಿಸುವ ಕೆಂಪು ಗುಂಡಿ ಬಲ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಮೊದಲ ಸುತ್ತಿನಿಂದಲೂ ಇತ್ತು. ಕೃಷ್ಣಪ್ರಸಾದರಿಗೆ ಗೊತ್ತಿತ್ತು. ಆದರೆ ಗಾಡಿ ನಿಂತರೆ ಮಾತು ಶುರುವಾಗಬೇಕು. ಆ ಮಾತು ಹೇಗೆ ಶುರುವಾಗುತ್ತದೆ ಎಂದು ಮುನ್ನೂರೈವತ್ತು ಕಿಲೋಮೀಟರ್ ಯೋಚಿಸಿದರೂ ಅವರಿಗೆ ಹೊಳೆದಿರಲಿಲ್ಲ.

ಎರಡನೇ ಸುತ್ತು.

"ನಿಲ್ಲಲೇ ಕೃಷ್ಣ್ಯಾ!"

"ಇಂಜಿನ್ ಬಿಸಿಯಾಗಿದೆ! ತಣ್ಣಗಾಗ್ಲಿ!"

"ಓಡಿಸಿದ್ರ ತಣ್ಣಗಾಗತೈತೇನಲೇ?" ಎಂಬ ಪ್ರಶ್ನೆ ಗಾಡಿಯ ಬೆನ್ನಿಗೆ ತಗುಲಿ ಕೆಳಗೆ ಬಿತ್ತು.

ಮೂರನೇ ಸುತ್ತಿಗೆ ಇಂಚರಾ ಕೈಬೀಸುತ್ತ ಓಡಿಬಂದಳು. "ಅಂಕಲ್, ಆಗಂಡಿ, ನಿಲ್ಲಿ! ಯಾಕೆ ಹಿಂಗೆ ತಿರುಗ್ತಾ ಇದ್ದೀರಾ? ಅಪ್ಪಂಗೆ ಟೆನ್ಷನ್ ಆಗ್ತಾ ಇದೆ!" ಮಹಡಿಯ ಮೇಲಿಂದ ವೇದವತಿ, "ಹೇಳ್ರೀ ಅತ್ಲಾಗೆ!" ಎಂದು ಕೂಗಿದರು. ತಿರುವಿನಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್ ಉಮಾಪತಿ ಸೀಟಿ ಊದಿ ಅಡ್ಡ ನಿಂತವರು, ಗಾಡಿ ನಿಲ್ಲುವ ಲಕ್ಷಣ ಕಾಣದೆ ಚರಂಡಿಯ ಕಲ್ಲಿನ ಮೇಲೆ ಹಾರಿದರು.

ಆಗ ಮಾತಾಡಿದವಳು ಅಂಗಡಿಯ ಪಕ್ಕದಲ್ಲಿ ಹೂವು ಮಾರುವ ಹೈಮಾವತಿ. ಅವಳ ಕಣ್ಣು ಟ್ಯಾಂಕಿನ ಮೇಲಿನ ಅಪ್ಪನ್ನ ಸ್ವಾಮಿಯ ಮೇಲೆ ಬಿದ್ದಿತ್ತು.

"ಅಯ್ಯೋ, ಬೈಬೇಡಿ!" ಎಂದು ತೆಲುಗಿನಲ್ಲಿ ಕೂಗಿದಳು. "ಮೊಕ್ಕು ಅದು, ಮೊಕ್ಕು! ನಾಳೆ ಈ ಅಯ್ಯನವರಿಗೆ ಆಪರೇಷನ್. ಗೆಳೆಯ ಅಪ್ಪನ್ನನಿಗೆ ಹರಕೆ ಹೊತ್ತು, ವೈಜಾಗಿನಿಂದ ದೇವರನ್ನ ಗಾಡಿ ಮೇಲೆ ಕೂರಿಸ್ಕೊಂಡು ಬಂದು ಪ್ರದಕ್ಷಿಣೆ ಹಾಕ್ತಾ ಇದಾನೆ! ಮಧ್ಯದಲ್ಲಿ ನಿಲ್ಸಿದ್ರೆ ಪಾಪ ನಿಮಗೇ!"

ಉಮಾಪತಿ ಬರೆಯಲು ತೆಗೆದ ಪುಸ್ತಕವನ್ನು ಜೇಬಿಗಿಟ್ಟರು. ಟೋಪಿ ತೆಗೆದು ಕಂಕುಳಲ್ಲಿ ಹಿಡಿದರು. ನಾಲ್ಕನೇ ಸುತ್ತಿಗೆ ಗಾಡಿಯ ಜೊತೆಗೇ ಓಡುತ್ತ, "ಸಾರ್, ಒಟ್ಟು ಎಷ್ಟು ಪ್ರದಕ್ಷಿಣೆ?" ಎಂದು ವಿನಯದಿಂದ ಕೇಳಿದರು.

ಕೃಷ್ಣಪ್ರಸಾದರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಬೀದಿಯ ತುಂಬ ಕೈ ಮುಗಿದು ನಿಂತ ಜನ, ಅಳುವ ಮುಖದ ಹೂವಿನವಳು, ಆಟೋಗಳನ್ನು ಬದಿಗೆ ಸರಿಸುತ್ತಿರುವ ಪೊಲೀಸು. ಮುಳುಗುವವನ ಮುಂದೆ ದೋಣಿಯೊಂದು ತಾನಾಗಿ ಬಂದು ನಿಂತಿತ್ತು. ಯಾರ ದೋಣಿ ಎಂದು ಅವರು ಕೇಳಲಿಲ್ಲ.

"ಒಂಬತ್ತು!" ಎಂದುಬಿಟ್ಟರು.

ಐದನೇ ಸುತ್ತಿಗೆ ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಆರನೆಯದಕ್ಕೆ ಹಿಂದಿನಿಂದ ಮೂರು ಆಟೋ, ಒಂದು ನೀರಿನ ಕ್ಯಾನಿನ ಗಾಡಿ ತಮ್ಮ ತಮ್ಮ ಕಷ್ಟ ಹೊತ್ತು ಸಾಲಾಗಿ ಸುತ್ತತೊಡಗಿದವು. ಮಗಳ ಮದುವೆ ಆಗಲಿ ಅಂತ ಒಬ್ಬ, ಅತ್ತೆ ಊರಿಗೆ ಹೋಗಲಿ ಅಂತ ಇನ್ನೊಬ್ಬ. ಎಲ್ಲರಿಗಿಂತ ಮುಂದೆ, ಬೆವರು, ಹೂವು, ಸುಳ್ಳು ಮೂರನ್ನೂ ಧರಿಸಿ ಕೃಷ್ಣಪ್ರಸಾದರು.

ಅಂಗಡಿಯ ಮುಂದೆ ಬಂದಾಗ ರಮಾಕಾಂತರು ಹೆಲ್ಮೆಟ್ ತೆಗೆದಿದ್ದರು. ಕಣ್ಣಲ್ಲಿ ನೀರು. ಮೂವತ್ತು ವರ್ಷದಲ್ಲಿ ಆ ಮನುಷ್ಯನ ಕಣ್ಣಲ್ಲಿ ನೀರನ್ನು ಯಾರೂ ನೋಡಿರಲಿಲ್ಲ. ಸ್ಟೋರಿನ ಲೆಕ್ಕದಲ್ಲಿ ಅದು ಇರಲೇ ಇಲ್ಲ.

"ಕೃಷ್ಣ್ಯಾ! ನನ್ನ ಮೊಣಕಾಲಿಗೆ ಹರಕಿ ಹೊತ್ತೇನಪಾ? ನಾ ನಿನಗ ಏನೇನು ಅಂದೀನಿ, ಎಲ್ಲಾರ ಮುಂದ ಲೇಬಲ್ ಓದಸೀನಿ... ತಪ್ಪಾತಪಾ! ನಂದ ತಪ್ಪಾತು!"

ತಾನು ಮುನ್ನೂರೈವತ್ತು ಕಿಲೋಮೀಟರ್ ಹುಡುಕಿದ ಮಾತನ್ನು ಆ ಮನುಷ್ಯ ಎಷ್ಟು ಸಲೀಸಾಗಿ ಹೇಳಿಬಿಟ್ಟ! ಕೃಷ್ಣಪ್ರಸಾದರು ಎಡಗೈಯಲ್ಲಿ ಕೊರಳಿನ ಹಾರ ಸಡಿಲಿಸಿಕೊಂಡರು. ಏಳನೇ ಸುತ್ತಿಗೆ ವೇದವತಿ ಕೆಳಗಿಳಿದು ಬಂದು ನಿಂತಿದ್ದರು. ಈ ಸಲ ಕೂಗಲಿಲ್ಲ.

"ಇನ್ನೂ ಎಷ್ಟು ಸುತ್ತು ರೀ?" ಎಂದರು, ಅಷ್ಟೇ.

ಎಂಟನೇ ಸುತ್ತು ತಿರುಗಿ ಬೀದಿಗೆ ಬಂದರೆ, ರಸ್ತೆಯ ನಟ್ಟನಡುವೆ ರಮಾಕಾಂತರು. ಒಂದು ಕೈಯಲ್ಲಿ ಕೋಲು, ಒಂದು ಕೈ ಇಂಚರಾಳ ಹೆಗಲ ಮೇಲೆ, ಹೆಲ್ಮೆಟ್ ಮತ್ತೆ ತಲೆಯ ಮೇಲೆ, ಪಟ್ಟಿ ಬಿಗಿದಿದೆ.

"ಎಂಟು ನಿಂದು! ಒಂಬತ್ತನೇದು ನಂದು! ಇಳೀಲೇ!"

ಜನ ಜಯಕಾರ ಹಾಕಿದರು. ಕೃಷ್ಣಪ್ರಸಾದರಿಗೆ ಮಾತ್ರ ಬೇರೆಯದೇ ಕಂಡಿತು: ಈ ಮನುಷ್ಯ ಹತ್ತಿ ಕೂತು, ಒತ್ತಿದರೂ ಕೇಳದ ಕ್ಲಚ್ ನಂಬಿಕೊಂಡು ಗೇರು ಹಾಕಿ, ಗಾಡಿ ಜಿಗಿದು, ಆ ಎರಡು ಮೊಣಕಾಲಿನ ಮೇಲೆ ಬೀಳುವುದು. ಹೆಬ್ಬೆರಳು ತಾನಾಗಿ ಕೆಂಪು ಗುಂಡಿ ಒತ್ತಿತು. ಬ್ರೇಕು ಕಿರುಚಿತು. ಗಾಡಿ ಒದ್ದಾಡಿ, ರಮಾಕಾಂತರ ಕೋಲಿನಿಂದ ಒಂದು ಗೇಣು ದೂರದಲ್ಲಿ ಸತ್ತು ನಿಂತಿತು. ಹಿಂದಿನ ಆಟೋಗಳೂ ಒಂದಕ್ಕೊಂದು ಮುತ್ತಿಟ್ಟು ನಿಂತವು.

"ಹರಕೆ ಇಲ್ಲ ರಮಾಕಾಂತಾ," ಎಂದರು ಕೃಷ್ಣಪ್ರಸಾದರು. "ಕ್ಲಚ್ ಹೋಗಿದೆ. ನಾನೇ ಕೈ ಹಾಕಿದೆ. ಪ್ರೆಸ್ಸಿನ ಎಣ್ಣೆ ಹಾಕಿದೆ."

ಇಂಚರಾ ಹೈಮಾವತಿಗೆ ತೆಲುಗಿನಲ್ಲಿ ಹೇಳಿದಳು. ಹೈಮಾವತಿ ಉಮಾಪತಿಗೆ ಹೇಳಿದಳು. ಉಮಾಪತಿ ಟೋಪಿ ಹಾಕಿಕೊಂಡರು. ಅತ್ತೆಯ ಆಟೋದವನು, "ಹಾಗಾದ್ರೆ ನಮ್ಮ ಮೂರು ಸುತ್ತು?" ಎಂದು ಎಲ್ಲರನ್ನೂ ಕೇಳಿದ. ಹೈಮಾವತಿ ಬಂದು ಕೃಷ್ಣಪ್ರಸಾದರ ಕೊರಳಿನ ಹಾರ ತೆಗೆದು, ಟ್ಯಾಂಕಿನ ಮೇಲಿನ ಸ್ವಾಮಿಗೆ ಹಾಕಲು ಸ್ಟಿಕ್ಕರ್ ಒರೆಸಿದಳು. ಬೆವರಿಗೆ ನೆನೆದಿದ್ದ ಸ್ಟಿಕ್ಕರ್ ಮೂಲೆಯಿಂದ ಎದ್ದು, ಕೆಳಗಿನ ಹಪ್ಪಳ ಕಾಣಿಸಿತು.

ರಮಾಕಾಂತರು ಅದನ್ನು ನೋಡಿದರು. ಕ್ಲಚ್ ಹಿಡಿಯನ್ನು ಒತ್ತಿ ನೋಡಿದರು. ಅದು ಹೋಗಿ ಅಂಟಿತು, ವಾಪಸ್ ಬರಲಿಲ್ಲ.

ಇಂಚರಾ ಆಗಲೇ ಪರಿಚಯದ ಮೆಕ್ಯಾನಿಕ್ಕಿಗೆ ಹಚ್ಚಿ ಫೋನು ಕಿವಿಗಿಟ್ಟಿದ್ದಳು. "ಅಪ್ಪಾ, ಭಾನುವಾರ ಎಲ್ಲಾ ಬಂದ್. ಒಳಗಿನ ರಬ್ಬರ್ ಸೀಲು ಹೋಗಿರುತ್ತಂತೆ, ಆರ್ಡರ್ ಹಾಕಿದ್ರೆ ವಾರ ಆಗುತ್ತಂತೆ."

ವಾರ. ಆಪರೇಷನ್ ನಾಳೆ.

"ಮುಚ್ಚಳದ ಮ್ಯಾಲೆ ಏನ್ ಬರದೈತಿ?" ಎಂದರು ರಮಾಕಾಂತರು.

"ಓದಿದ್ದೆ ಮಾರಾಯ."

"ಓದಿದ್ದ್ಯೇನು ಅಂತ ಕೇಳಲಿಲ್ಲ. ಓದು."

ಕೃಷ್ಣಪ್ರಸಾದರು ಕನ್ನಡಕ ಏರಿಸಿ, ಬಾಗಿ, ಗವರ್ನರ್‌ಪೇಟೆಯ ನಡುರಸ್ತೆಯಲ್ಲಿ ಓದಿದರು. "ಡಾಟ್ ನಾಲ್ಕು ಬ್ರೇಕ್ ಎಣ್ಣೆ..."

"ಜೋರಾಗಿ."

"ಡಾಟ್ ನಾಲ್ಕು ಬ್ರೇಕ್ ಎಣ್ಣೆ ಮಾತ್ರ ಹಾಕಬೇಕು! ಬೇರೆ ಯಾವುದನ್ನೂ ಹಾಕಕೂಡದು!"

ರಮಾಕಾಂತರು ಕೈ ಚಾಚಿದರು. ಇಂಚರಾಳಿಗೆ ಅಪ್ಪನ ಚಾಳಿ ಗೊತ್ತಿತ್ತು. ಒಳಗಿಂದ ಒಂದು ಸ್ಯಾಂಪಲ್ ಮದುವೆ ಕಾರ್ಡು, ಪೆನ್ನು ತಂದಳು. ಕೃಷ್ಣಪ್ರಸಾದರು ಗಣಪತಿಯ ಚಿತ್ರದ ಹಿಂದೆ ಸಹಿ ಮಾಡಿದರು. ರಮಾಕಾಂತರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಫೋನ್ ಮಾಡಿದ್ರ ಹೇಳ್ತಿದ್ದೆ. ಎರಡ ನಿಮಿಷದ ಮಾತು."

"ನೀನು ಬೈತಿದ್ದೆ."

"ಬೈತಿದ್ದೆ. ಬೈಸ್ಕೊಂಡಿದ್ರ ಇವತ್ತ ನಾ ಗಾಡಿ ಹೊಡೀತಿದ್ದೆ."

ಕೃಷ್ಣಪ್ರಸಾದರು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ ನ್ಯೂಟ್ರಲ್ಲಿಗೆ ತಂದರು. ಬಾಗಿ, ಗೆಳೆಯನ ಬಲಗಾಲನ್ನು ಎರಡು ಕೈಯಲ್ಲಿ ಎತ್ತಿ ಸೀಟಿನ ಆಚೆ ದಾಟಿಸಿದರು. ರಮಾಕಾಂತರು ನೋವಿಗೆ ಹಲ್ಲು ಕಚ್ಚಿದರು, ಆದರೆ ಕೂತ ಮೇಲೆ ಬೆನ್ನು ನೆಟ್ಟಗಾಯಿತು. ಉಮಾಪತಿ ಕೈ ಜೋಡಿಸಲು ಬಂದರು.

"ಬೇಡ ಸಾರ್. ಇದು ನನ್ನದು," ಎಂದು ಕೃಷ್ಣಪ್ರಸಾದರು ಹಿಂದೆ ಹೋಗಿ ತಳ್ಳತೊಡಗಿದರು.

ಗಾಡಿ ಎರಡು ಕ್ವಿಂಟಾಲ್ ಮೇಲೆ, ರಮಾಕಾಂತರು ಮುಕ್ಕಾಲು. ಮೊದಲ ತಿರುವಿಗೇ ಕೃಷ್ಣಪ್ರಸಾದರ ಉಸಿರು ಕೊಳಲೂದುತ್ತಿತ್ತು. ಮುಂದೆ ರಮಾಕಾಂತರು ತಿರುವಿಗೊಮ್ಮೆ ಕ್ಲಚ್ ಒತ್ತುತ್ತಿದ್ದರು, ಅಂಟಿಕೊಂಡ ಹಿಡಿಯನ್ನು ಬೆರಳಿನಿಂದ ಬಿಡಿಸಿ ವಾಪಸ್ ತರುತ್ತಿದ್ದರು. ಬಾಯಲ್ಲಿ ಸಣ್ಣಗೆ ಸದ್ದು ಮಾಡುತ್ತಿದ್ದರೋ ಏನೋ. ಹೆಲ್ಮೆಟ್ಟಿನೊಳಗಿನದು ಯಾರಿಗೆ ಗೊತ್ತು?

"ಸ್ಪೀಡ ಸಾಲದು," ಎಂದರು ಎರಡನೇ ತಿರುವಿನಲ್ಲಿ.

ಮೂರನೆಯದರಲ್ಲಿ ಕೃಷ್ಣಪ್ರಸಾದರು ಹಿಂದಿನಿಂದ, "ತಪ್ಪಾಯ್ತು ಕಣೋ," ಎಂದರು.

"ಕೇಳವಲ್ದು. ಜೋರಾಗಿ ಹೇಳು. ಗಾಡಿಗೂ ಕೇಳಸ್ಬೇಕು."

"ತಪ್ಪಾಯ್ತು!"

ಗವರ್ನರ್‌ಪೇಟೆಗೆಲ್ಲ ಕೇಳಿಸಿ, ಕನ್ನಡ ಬಾರದವರಿಗೂ ಅರ್ಥವಾಯಿತು. ರಮಾಕಾಂತರು ಇರಲಿ ಬಿಡು ಅನ್ನಲಿಲ್ಲ. ಕೊನೆಯ ತಿರುವು ದಾಟಿ ಬೀದಿ ಸ್ವಲ್ಪ ಇಳಿಜಾರಾಯಿತು. ಗಾಡಿ ತಾನಾಗಿ ಉರುಳತೊಡಗಿತು. ಅಂಗಿಯ ತೋಳು ಗಾಳಿಗೆ ಪಟಪಟ ಅಂದಿತು. ಅಂಗಡಿ ಹತ್ತಿರ ಬಂತು. ಹೈಮಾವತಿ ಬೆರಳು ಮಡಿಸಿ, "ತೊಮ್ಮಿದಿ," ಎಂದು ಒಂಬತ್ತನ್ನು ಎಣಿಸಿದಳು.

"ಕೃಷ್ಣ್ಯಾ, ಬ್ರೇಕ್ ಹೆಂಗದಾವು?"

"ಅದಕ್ಕೆ ನಾನು ಕೈ ಹಾಕಿಲ್ಲ," ಎಂದು ಏದುಸಿರಲ್ಲಿ ಓಡಿಬರುತ್ತ ಕೂಗಿದರು ಕೃಷ್ಣಪ್ರಸಾದರು.

"ಹಂಗಾದ್ರ ಚಲೋ ಅದಾವು," ಎಂದು ರಮಾಕಾಂತರು ಬ್ರೇಕ್ ಒತ್ತಿದರು. ಗಾಡಿ ಮನೆಯ ಮುಂದೆ ಗಕ್ಕನೆ ನಿಂತಿತು.